ನಿಂತ ಕಾರಿನಡಿಯ ಕೆಂಪು ತೈಲ

ಪ್ರಶ್ನೆ: ಹಳೆಯ ಆಟೊಮ್ಯಾಟಿಕ್ ಕಾರು ಓಡುವಾಗ ಸೋರದೆ, ವಾರಗಟ್ಟಲೆ ನಿಂತಾಗ ಮಾತ್ರ ಕೆಂಪು ತೈಲವನ್ನು ಸುರಿಸುವುದೇಕೆ? ಪರಿಹಾರವೇನು?

ಉತ್ತರ: ಎಂಜಿನ್ನು ತಿರುಗುವಷ್ಟು ಕಾಲವೂ ಪಂಪು, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ತೈಲದಿಂದ ತುಂಬಿಟ್ಟಿರುತ್ತದೆ; ವಾಹನವು ದೀರ್ಘಕಾಲ ನಿಶ್ಚಲವಾಗಿದ್ದಾಗ, ಆ ತೈಲವು ಮೆಲ್ಲಮೆಲ್ಲನೆ ಗೇರ್‌ಬಾಕ್ಸಿನ ತಳದ ಪ್ಯಾನಿಗಿಳಿದು, ಅಲ್ಲಿನ ಮಟ್ಟವನ್ನೇರಿಸಿ, ಚಾಲನೆಯಲ್ಲಿ ತೈಲಕ್ಕಿಂತ ಮೇಲಿರುತ್ತಿದ್ದ ಗೇರು ಬದಲಿಸುವ ದಂಡದ ಸೀಲನ್ನು ಮುಳುಗಿಸುತ್ತದೆ. ದಶಕಗಳ ಉಷ್ಣದಿಂದ ಗಡುಸಾದ ಸೀಲಿನ ರಬ್ಬರು ಆ ತೈಲವನ್ನು ತಡೆಯಲಾರದು. ಕ್ರೈಸ್ಲರ್ ಸಂಸ್ಥೆಯು 1956ರಲ್ಲಿ ತಂದ ಟಾರ್ಕ್‌ಫ್ಲೈಟ್ ವಂಶದ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಇದು ಸುಪರಿಚಿತ ಲಕ್ಷಣ.

ದುರಸ್ತಿಗೆ ಮುನ್ನ ಸೋರಿಕೆಯ ಮೂಲವನ್ನು ನಿರ್ಣಯಿಸಬೇಕು. ತೈಲವು ಕೆಳಮುಖವಾಗಿ ಹರಿಯುವುದರಿಂದ, ತಳಭಾಗವನ್ನು ಸ್ವಚ್ಛಗೊಳಿಸಿ, ಒದ್ದೆಯಾದ ಅತ್ಯುನ್ನತ ಸ್ಥಳವನ್ನು ಅರಸತಕ್ಕದ್ದು. ದಂಡದ ಸೀಲನ್ನೂ ಪ್ಯಾನಿನ ಗ್ಯಾಸ್ಕೆಟನ್ನೂ ಗೇರ್‌ಬಾಕ್ಸನ್ನು ಕೆಳಗಿಳಿಸದೆಯೇ ಬದಲಿಸಬಹುದು. ಆದರೆ ಪ್ಯಾನಿನ ಬೋಲ್ಟುಗಳನ್ನು ಮಿತಿಮೀರಿ ಬಿಗಿದರೆ ಅದರ ಅಂಚು ಬಾಗಿ ಸೋರಿಕೆ ಹೆಚ್ಚುವುದೇ ಹೊರತು ನಿಲ್ಲದು. ಮುಂಬದಿಯ ಪಂಪಿನ ಸೀಲು ಸೋರುತ್ತಿದ್ದರೆ ಮಾತ್ರ ಗೇರ್‌ಬಾಕ್ಸನ್ನೇ ಕಳಚುವುದು ಅನಿವಾರ್ಯ. ತೈಲಕ್ಕೆ ಬೆರೆಸುವ, ಸೀಲನ್ನು ಉಬ್ಬಿಸುವ ದ್ರವಗಳು ಕೆಲಕಾಲ ಸಹಾಯಕವಾದಾವು. ಆದರೆ ಸವೆದು ಹರಿದ ಸೀಲನ್ನು ಅವು ಕೂಡಿಸಲಾರವು. ಕೊನೆಯಲ್ಲಿ, ತಯಾರಕರು ವಿಧಿಸಿದ ತೈಲವನ್ನೇ ತುಂಬಿ, ಅವರು ಹೇಳಿದ ಕ್ರಮದಲ್ಲೇ ಮಟ್ಟವನ್ನು ಅಳೆಯಿರಿ.