ಮಕ್ಕಳ ದಾರಹುಳು: ನೀರು ಸೋಸಿ ಕುಡಿಯುವ ಮನೆಗೂ ಏಕೆ ಬರುತ್ತದೆ?

“ನೀರು ಸೋಸಿ, ಕಾಯಿಸಿ ಕುಡಿಯುತ್ತೇವೆ. ಗೆಡ್ಡೆ-ಗೆಣಸು ಮನೆಗೆ ತರುವುದಿಲ್ಲ. ಹೊರಗಿನ ತಿಂಡಿಯೂ ಇಲ್ಲ. ಆದರೂ ಮಗುವಿಗೆ ಹುಳು ಹೇಗೆ ಬಂತು?” ಸಮಾಜದ ಮನೆಗಳಲ್ಲಿ ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದೇ. ಈ ಪ್ರಶ್ನೆಯಲ್ಲಿ ಆಶ್ಚರ್ಯಕ್ಕಿಂತ ನಾಚಿಕೆಯೇ ಹೆಚ್ಚು. ಹುಳು ಎಂದರೆ ಕೊಳಕು ಮನೆಯ ಗುರುತು ಎಂಬ ಭಾವನೆ ಇರುವುದರಿಂದ ವಿಷಯ ಅಡುಗೆಮನೆಯಿಂದ ಆಚೆ ಹೋಗುವುದಿಲ್ಲ. ಅತ್ತೆಗೆ ಹೇಳುವುದಿಲ್ಲ, ಶಾಲೆಗೆ ಹೇಳುವುದಿಲ್ಲ, ಕೆಲವೊಮ್ಮೆ ಡಾಕ್ಟರಿಗೂ ಹೇಳುವುದಿಲ್ಲ. ಅಷ್ಟರಲ್ಲಿ ಮನೆಯ ಉಳಿದ ಮಕ್ಕಳಿಗೂ ಅದು ಹಬ್ಬಿರುತ್ತದೆ.

ಹೊಟ್ಟೆಯ ಹುಳುಗಳೆಲ್ಲ ಒಂದೇ ಜಾತಿಯವಲ್ಲ. ದುಂಡುಹುಳು ಮತ್ತು ಕೊಕ್ಕೆಹುಳು ಮಲ ಬಿದ್ದ ಮಣ್ಣಿನಿಂದ ಬರುತ್ತವೆ. ಒಂದು ತೊಳೆಯದ ತರಕಾರಿ ಮತ್ತು ಮಣ್ಣಾದ ಕೈಯ ಮೂಲಕ ಹೊಟ್ಟೆ ಸೇರಿದರೆ, ಇನ್ನೊಂದು ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಲಾಡಿಹುಳುವಿನ ದಾರಿ ಬೇರೆಯೇ. ಆದರೆ ಪುಟ್ಟ ಮಕ್ಕಳನ್ನು ರಾತ್ರಿ ನಿದ್ದೆಗೆಡಿಸುವ, ಬಿಳಿ ಹತ್ತಿಯ ನೂಲಿನ ತುಂಡಿನಂತಿರುವ ಹುಳು ಇವುಗಳಲ್ಲಿ ಯಾವುದೂ ಅಲ್ಲ. ಅದು ದಾರಹುಳು. ಡಾಕ್ಟರುಗಳು ಥ್ರೆಡ್‌ವರ್ಮ್ ಅಥವಾ ಪಿನ್‌ವರ್ಮ್ ಎನ್ನುತ್ತಾರೆ. ಅದಕ್ಕೆ ಮಣ್ಣು ಬೇಡ, ಕೆಟ್ಟ ನೀರು ಬೇಡ, ಮಾಂಸವಂತೂ ಬೇಡವೇ ಬೇಡ. ಮನುಷ್ಯನ ಕರುಳೊಂದೇ ಅದರ ಮನೆ, ಬೆರಳೇ ಅದರ ವಾಹನ. ಬೆಕ್ಕು, ನಾಯಿ, ದನಗಳಿಂದಲೂ ಇದು ಬರುವುದಿಲ್ಲ. ಆದುದರಿಂದ ಎಷ್ಟು ಶುದ್ಧವಾಗಿ ಅಡುಗೆ ಮಾಡಿದರೂ, ಎಷ್ಟು ದಪ್ಪ ಬಟ್ಟೆಯಲ್ಲಿ ನೀರು ಸೋಸಿದರೂ ಅದು ಬರುವ ಬಾಗಿಲು ತೆರೆದೇ ಇರುತ್ತದೆ.

ಅದರ ಬದುಕಿನ ಲೆಕ್ಕ ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ಮೊಟ್ಟೆ ಬಾಯಿಯ ಮೂಲಕ ಹೊಟ್ಟೆಗೆ ಹೋಗಿ ಸಣ್ಣ ಕರುಳಿನಲ್ಲಿ ಮರಿಯಾಗುತ್ತದೆ. ದೊಡ್ಡ ಕರುಳಿನ ಆರಂಭದಲ್ಲಿ ಬೆಳೆದು ದೊಡ್ಡದಾಗುತ್ತದೆ. ಹೆಣ್ಣು ಹುಳು ಸುಮಾರು 8ರಿಂದ 13 ಮಿಲಿಮೀಟರ್ ಉದ್ದ. ಗಂಡು ಅದರ ಅರ್ಧಕ್ಕಿಂತಲೂ ಚಿಕ್ಕದು, ಕಣ್ಣಿಗೆ ಬೀಳುವುದೇ ಅಪರೂಪ. ಮೊಟ್ಟೆ ನುಂಗಿದ ದಿನದಿಂದ ಸುಮಾರು ಒಂದು ತಿಂಗಳಿಗೆ ಹೆಣ್ಣು ಹುಳು ಮೊಟ್ಟೆ ಇಡಲು ಸಿದ್ಧವಾಗುತ್ತದೆ. ಮಗು ನಿದ್ದೆ ಹೋದ ಮೇಲೆ ಗುದದ್ವಾರದಿಂದ ಹೊರಗೆ ಬಂದು ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಅಂಟಿನ ಜೊತೆ 10,000ದಷ್ಟು ಮೊಟ್ಟೆ ಇಟ್ಟು ಸಾಯುತ್ತದೆ. ಆ ಓಡಾಟಕ್ಕೆ ಮತ್ತು ಅಂಟಿಗೆ ವಿಪರೀತ ತುರಿಕೆ. ಮಗು ನಿದ್ದೆಯಲ್ಲೇ ಕೆರೆಯುತ್ತದೆ, ಉಗುರಿನ ಸಂದಿಗೆ ಮೊಟ್ಟೆ ಸೇರುತ್ತದೆ, ಬೆಳಗಾಗುವುದರೊಳಗೆ ಬೆರಳು ಬಾಯಿಗೆ ಹೋಗಿರುತ್ತದೆ. ನಾಲ್ಕರಿಂದ ಆರು ಗಂಟೆಯೊಳಗೆ ಆ ಮೊಟ್ಟೆಗಳು ಮತ್ತೆ ಹುಳುವಾಗಲು ತಯಾರು. ಹೊಸ ಸುತ್ತು ಶುರು.

ಉಗುರಿಗೆ ಸೇರದ ಮೊಟ್ಟೆಗಳು ಚಡ್ಡಿ, ಹಾಸಿಗೆ, ಕೌದಿ, ಟವೆಲು, ಆಟಿಕೆ, ಬಾಗಿಲ ಹಿಡಿಕೆಗಳ ಮೇಲೆ ಕೂರುತ್ತವೆ. ಅಲ್ಲಿ ಅವು ಎರಡು-ಮೂರು ವಾರ ಬದುಕಬಲ್ಲವು. ಹಗುರವಾಗಿರುವುದರಿಂದ ಹಾಸಿಗೆ ಕೊಡವಿದಾಗ ಧೂಳಿನ ಜೊತೆ ಏಳುತ್ತವೆ, ಉಸಿರಿನ ಜೊತೆ ಬಾಯಿಗೆ ಬಂದು ನುಂಗಿಹೋಗುವುದೂ ಉಂಟು. ಶಿಶುವಿಹಾರ, ಅಂಗನವಾಡಿ, ಹಾಸ್ಟೆಲು, ಒಂದೇ ಚಾಪೆಯ ಮೇಲೆ ಇಪ್ಪತ್ತು ಮಕ್ಕಳು ಕೂರುವ ಪಾಠಶಾಲೆ, ಮದುವೆ ಮನೆಯಲ್ಲಿ ಸಾಲಾಗಿ ಮಕ್ಕಳನ್ನು ಮಲಗಿಸುವ ಹಜಾರ, ಇವೆಲ್ಲ ಅದಕ್ಕೆ ಅನುಕೂಲದ ಜಾಗಗಳೇ. ಬಡವ-ಬಲ್ಲಿದರ ಭೇದ ಈ ಹುಳುವಿಗೆ ಇಲ್ಲ. ಶ್ರೀಮಂತ ದೇಶಗಳ ಮಕ್ಕಳಲ್ಲೂ ಇದು ಸಾಮಾನ್ಯ. ನಾಚಿಕೆಪಡುವ ಅಗತ್ಯ ಯಾರಿಗೂ ಇಲ್ಲ.

ಹುಳುವಿನ ಗುರುತುಗಳ ಬಗ್ಗೆ ಹಳೆಯ ನಂಬಿಕೆಗಳು ಬಹಳ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಾಣುವುದು, ಎಲ್ಲಕ್ಕೂ ಹುಳುವೇ ಕಾರಣ ಎನ್ನುತ್ತಾರೆ. ಹುಳು ಇಲ್ಲದ ಮಕ್ಕಳೂ ಹಲ್ಲು ಕಡಿಯುತ್ತಾರೆ. ಕೆನ್ನೆಯ ಬಿಳಿ ಮಚ್ಚೆ ಒಣ ಚರ್ಮದ ತೊಂದರೆ, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಬೆಲ್ಲ, ಸಿಹಿ ತಿಂದರೆ ಹುಳು ಹುಟ್ಟುತ್ತದೆ ಎಂಬುದೂ ಅಷ್ಟೇ. ಸಿಹಿ ಹಲ್ಲು ಕೆಡಿಸಬಹುದು, ಹುಳುವನ್ನು ಹುಟ್ಟಿಸಲಾರದು. ನಿಜವಾದ ಗುರುತು ಒಂದೇ: ರಾತ್ರಿ ಹೊತ್ತು ಗುದದ್ವಾರದ ಸುತ್ತ ತುರಿಕೆ. ಅದರ ಹಿಂದೆಯೇ ನಿದ್ದೆಗೇಡು, ಹಗಲು ಕಿರಿಕಿರಿ, ಕೆಲವು ಮಕ್ಕಳಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಬರುತ್ತವೆ. ಹೆಣ್ಣುಮಕ್ಕಳಲ್ಲಿ ಹುಳು ಮುಂದಿನ ಭಾಗಕ್ಕೂ ಹರಿದು ಅಲ್ಲಿಯೂ ತುರಿಕೆ, ಬಿಳಿ ಸ್ರಾವ ಉಂಟುಮಾಡಬಹುದು. ತಾಯಂದಿರು ಇದನ್ನು ಬೇರೇನೋ ಎಂದು ಹೆದರಿ ಬಚ್ಚಿಡುತ್ತಾರೆ. ಬಚ್ಚಿಡದೆ ಡಾಕ್ಟರಿಗೆ ತೋರಿಸಬೇಕು.

ಖಚಿತಪಡಿಸಿಕೊಳ್ಳಲು ದೊಡ್ಡ ಖರ್ಚು ಬೇಡ. ಮಗು ಮಲಗಿ ಎರಡು-ಮೂರು ಗಂಟೆ ಆದ ಮೇಲೆ ಟಾರ್ಚು ಹಿಡಿದು ನೋಡಿದರೆ ಬಿಳಿ ನೂಲಿನಂಥ ಹುಳು ಹರಿದಾಡುವುದು ಎಷ್ಟೋ ಸಲ ಕಾಣುತ್ತದೆ. ಕಾಣದಿದ್ದರೆ ಟೇಪಿನ ಪರೀಕ್ಷೆ ಇದೆ. ಬೆಳಿಗ್ಗೆ ಮಗು ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕ ಸೆಲ್ಲೋ ಟೇಪನ್ನು ಗುದದ್ವಾರದ ಸುತ್ತ ಒತ್ತಿ ತೆಗೆದು ಗಾಜಿನ ತುಂಡಿಗೆ ಅಂಟಿಸಿ ಲ್ಯಾಬಿಗೆ ಕೊಡುವುದು. ಮೂರು ದಿನ ಹೀಗೆ ಮಾಡಿದರೆ ತಪ್ಪಿಹೋಗುವ ಸಂಭವ ಕಡಿಮೆ. ಮಲ ಪರೀಕ್ಷೆಯನ್ನು ಮಾತ್ರ ಮಾಡಿಸಿ “ರಿಪೋರ್ಟು ನಾರ್ಮಲ್” ಎಂದು ನಿಶ್ಚಿಂತರಾಗುವವರು ಬಹಳ. ದಾರಹುಳು ಮೊಟ್ಟೆ ಇಡುವುದು ಮಲದಲ್ಲಿ ಅಲ್ಲ, ಚರ್ಮದ ಮೇಲೆ. ಮಲ ಪರೀಕ್ಷೆಯಲ್ಲಿ ಅದು ಸಿಗುವುದು ಕಡಿಮೆ.

ಇನ್ನು ಎರಡನೆಯ ಪ್ರಶ್ನೆ. ಇದನ್ನು ಬಾಯಿಬಿಟ್ಟು ಕೇಳುವವರಿಗಿಂತ ಮನಸ್ಸಿನಲ್ಲೇ ಇಟ್ಟುಕೊಂಡು ಮಾತ್ರೆಯನ್ನು ಮುಂದೂಡುವವರು ಹೆಚ್ಚು. ಹುಳುವೂ ಜೀವ. ಅದೂ ತ್ರಸ ಜೀವ. ತತ್ತ್ವಾರ್ಥಸೂತ್ರದಲ್ಲಿ ಎರಡು ಇಂದ್ರಿಯಗಳ ಜೀವಕ್ಕೆ ಉದಾಹರಣೆಯಾಗಿ ಬರುವುದು ಕ್ರಿಮಿಯೇ. ಅದಕ್ಕೆ ಸ್ಪರ್ಶ ಮತ್ತು ರುಚಿಯ ಅರಿವಿದೆ. ಔಷಧ ಕೊಟ್ಟರೆ ಅದು ಸಾಯುತ್ತದೆ, ಇದರಲ್ಲಿ ಮುಚ್ಚುಮರೆ ಇಲ್ಲ. ಆಲ್ಬೆಂಡಜೋಲ್ ಔಷಧವು ಹುಳುವಿಗೆ ಸಕ್ಕರೆ ಅಂಶ ಸಿಗದಂತೆ ಮಾಡಿ ಕೊಲ್ಲುತ್ತದೆ. ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುವ ದಿನ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಅಜ್ಜಿಯ ಮನಸ್ಸಿನಲ್ಲಿ ಇರುವುದು ಅಜ್ಞಾನವಲ್ಲ, ಈ ಅಳುಕು. ಅದನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ.

ಆದರೆ ಶ್ರಾವಕಾಚಾರವೇ ಇಲ್ಲಿ ದಾರಿ ತೋರಿಸುತ್ತದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುವುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಬೇಕು. ಉಳಿದ ಮೂರರಲ್ಲಿ ಆದಷ್ಟು ಕಡಿಮೆ ಮಾಡುತ್ತಾ ಎಚ್ಚರದಿಂದ ನಡೆಯಬೇಕು. ನಿದ್ದೆಯಿಲ್ಲದೆ ಅಳುವ ಮಗುವನ್ನು ಕಾಪಾಡಲು ಕೊಡುವ ಔಷಧದಲ್ಲಿ ಹುಳುವನ್ನು ಕೊಲ್ಲುವ ಆಸೆ ಯಾರಿಗೂ ಇರುವುದಿಲ್ಲ. ವ್ರತ ಹಿಡಿದವರು, ಪ್ರತಿಮಾಧಾರಿಗಳು ತಮ್ಮ ಗುರುಗಳನ್ನು ಕೇಳಿಕೊಳ್ಳಲಿ. ಎಳೆಯ ಮಗುವಿನ ತಂದೆ-ತಾಯಿ ಗೃಹಸ್ಥರು.

ಲೆಕ್ಕ ಹಾಕಿ ನೋಡಿದರೂ ಮಾತ್ರೆ ತಡೆಹಿಡಿದದ್ದರಿಂದ ಜೀವ ಉಳಿಯುವುದಿಲ್ಲ. ಮೊಟ್ಟೆ ಇಟ್ಟ ಹುಳು ಅದೇ ರಾತ್ರಿ ತಾನಾಗಿ ಸಾಯುತ್ತದೆ. ಅದರ ಸಾವಿರಾರು ಮೊಟ್ಟೆಗಳಲ್ಲಿ ಕೆಲವು ತಮ್ಮ, ತಂಗಿ, ಪಕ್ಕದ ಮನೆಯ ಮಗುವಿನ ಹೊಟ್ಟೆ ಸೇರುತ್ತವೆ. ಇಂದು ಒಂದು ಮಗುವಿಗೆ ಬೇಕಿದ್ದ ಔಷಧ ಎರಡು ತಿಂಗಳಿಗೆ ಹತ್ತು ಜನಕ್ಕೆ ಬೇಕಾಗುತ್ತದೆ. ಅರ್ಧಂಬರ್ಧ ಮಾಡಿ ವರ್ಷಕ್ಕೆ ನಾಲ್ಕು ಸಲ ಮಾತ್ರೆ ನುಂಗಿಸುವುದಕ್ಕಿಂತ ಒಂದೇ ಸಲ ಪೂರ್ತಿಯಾಗಿ ಮುಗಿಸುವುದರಲ್ಲಿ ಹಿಂಸೆ ಕಡಿಮೆ. ಮೊಟ್ಟೆ ಬಾಯಿಗೆ ಹೋಗದಂತೆ ತಡೆದರೆ ಹುಳು ಹುಟ್ಟುವುದೇ ಇಲ್ಲ, ಕೊಲ್ಲುವ ಪ್ರಸಂಗವೂ ಬರುವುದಿಲ್ಲ.

ಔಷಧದ ವಿಷಯ ಸರಳ. ಸಾಮಾನ್ಯವಾಗಿ ಕೊಡುವುದು ಆಲ್ಬೆಂಡಜೋಲ್. ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದ ಮಗುವಿಗೆ ಅದರ ಅರ್ಧ. ಮೆಬೆಂಡಜೋಲ್, ಪೈರಾಂಟೆಲ್ ಎಂಬವೂ ಇವೆ. ಯಾವುದು, ಎಷ್ಟು ಎಂಬುದನ್ನು ಡಾಕ್ಟರು ಹೇಳಬೇಕು. ಒಂದು ವರ್ಷದೊಳಗಿನ ಕೂಸಿಗೆ ಮತ್ತು ಗರ್ಭಿಣಿಯರಿಗೆ ಅಂಗಡಿಯಿಂದ ತಂದು ಕೊಡಲೇಬಾರದು. ಆಲ್ಬೆಂಡಜೋಲ್ ಚೀಪುವ ಮಾತ್ರೆಯಾಗಿ, ದ್ರವವಾಗಿ ಸಿಗುವುದರಿಂದ ಕ್ಯಾಪ್ಸೂಲಿನ ಜೆಲಾಟಿನ್ ಚಿಂತೆ ಇಲ್ಲ. ರಾತ್ರಿಯೇ ಕೊಡಬೇಕೆಂಬ ನಿಯಮವೂ ಇಲ್ಲ, ಸಂಜೆ ಊಟದೊಳಗೆ ಕೊಟ್ಟರಾಯಿತು. ಪುಟ್ಟ ಮಕ್ಕಳಿಗೆ ಇಡೀ ಮಾತ್ರೆ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು.

ಎಲ್ಲರೂ ಎಡವುವುದು ಎರಡು ಕಡೆ. ಮೊದಲನೆಯದು, ತುರಿಕೆ ಇರುವ ಮಗುವಿಗೆ ಮಾತ್ರ ಕೊಡುವುದು. ಲಕ್ಷಣವೇ ಇಲ್ಲದೆ ಹುಳು ಹೊತ್ತಿರುವವರು ಮನೆಯಲ್ಲಿ ಇರುತ್ತಾರೆ. ಆದ್ದರಿಂದ ಅಜ್ಜ-ಅಜ್ಜಿಯೂ ಸೇರಿ ಮನೆಯವರೆಲ್ಲ ಡಾಕ್ಟರನ್ನು ಕೇಳಿ ಒಂದೇ ದಿನ ತೆಗೆದುಕೊಳ್ಳಬೇಕು. ಎರಡನೆಯದು, ಒಂದೇ ಸಲಕ್ಕೆ ನಿಲ್ಲಿಸುವುದು. ಔಷಧ ದೊಡ್ಡ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಷ್ಟಾಗಿ ಅಲ್ಲ. ಉಳಿದ ಮೊಟ್ಟೆ ಹುಳುವಾಗುವ ಹೊತ್ತಿಗೆ, ಅಂದರೆ ಎರಡು ವಾರ ಬಿಟ್ಟು, ಇನ್ನೊಮ್ಮೆ ತೆಗೆದುಕೊಂಡರೆ ಮಾತ್ರ ಕೆಲಸ ಮುಗಿಯುತ್ತದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಇದೇ ಮಾತ್ರೆ ಕೊಡುತ್ತಾರೆ. ಅದು ಒಳ್ಳೆಯ ಕಾರ್ಯಕ್ರಮ, ಮಕ್ಕಳನ್ನು ತಪ್ಪಿಸಬಾರದು. ಆದರೆ ಅದರ ಗುರಿ ಮುಖ್ಯವಾಗಿ ಮಣ್ಣಿನಿಂದ ಬರುವ ಹುಳುಗಳು. ಶಾಲೆಯಲ್ಲಿ ಒಂದು ಮಾತ್ರೆ ನುಂಗಿ ಬಂದ ಮಗು ಅದೇ ಹಾಸಿಗೆಯಲ್ಲಿ, ಅದೇ ತಂಗಿಯ ಪಕ್ಕ ಮಲಗಿದರೆ ದಾರಹುಳು ತಿಂಗಳೊಳಗೆ ಮರಳಿ ಬರುತ್ತದೆ. “ಮಾತ್ರೆ ಕೆಲಸ ಮಾಡಲಿಲ್ಲ” ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿಯೇ.

ಆ ಎರಡು ವಾರ ಮನೆಯಲ್ಲಿ ಏನು ಮಾಡಬೇಕು ಎಂಬುದೇ ಹೆಚ್ಚು ಮುಖ್ಯ. ಮೊದಲ ಕೆಲಸ ಉಗುರು. ಎಲ್ಲರ ಉಗುರೂ ಬುಡದವರೆಗೆ ಕತ್ತರಿಸಬೇಕು, ಅಡುಗೆ ಮಾಡುವವರದ್ದು ವಿಶೇಷವಾಗಿ. ಬೆಳಿಗ್ಗೆ ಮಗುವಿನ ಹಿಂಭಾಗ ತೊಳೆಸಿದ ಕೈಯಲ್ಲೇ ಚಪಾತಿ ಹಿಟ್ಟು ನಾದಲು ಹೋಗುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಬರೀ ನೀರಿನಲ್ಲಿ ಕೈ ಅದ್ದಿದರೆ ಸಾಲದು. ಸೋಪು ಹಚ್ಚಿ, ಉಗುರಿನ ಸಂದಿ ಉಜ್ಜಿ ತೊಳೆಯಬೇಕು. ಸ್ಯಾನಿಟೈಸರನ್ನು ಇಲ್ಲಿ ನಂಬಿಕೊಳ್ಳಬಾರದು. ಮಗು ಎದ್ದ ಕೂಡಲೇ ಸ್ನಾನ ಮಾಡಿಸಿದರೆ ರಾತ್ರಿ ಇಟ್ಟ ಮೊಟ್ಟೆಗಳ ಬಹುಪಾಲು ಬಚ್ಚಲಿಗೆ ಹೋಗುತ್ತದೆ. ಸಂಜೆಯ ಸ್ನಾನದಿಂದ ಆ ಲಾಭವಿಲ್ಲ. ಇಬ್ಬರು ಮಕ್ಕಳನ್ನು ಒಂದೇ ಟಬ್ಬಿನಲ್ಲಿ ಕೂರಿಸಬಾರದು, ತಂಬಿಗೆಯಿಂದ ಹೊಯ್ದು ಮಾಡಿಸಿದರೆ ಒಳ್ಳೆಯದು. ರಾತ್ರಿ ಬಿಗಿಯಾದ ಚಡ್ಡಿ ಹಾಕಿ ಮಲಗಿಸಿ, ಬೆಳಿಗ್ಗೆ ಅದನ್ನು ಬದಲಿಸಬೇಕು.

ಮಾತ್ರೆ ತೆಗೆದುಕೊಂಡ ದಿನ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಟವೆಲು, ಒಳಬಟ್ಟೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಅವನ್ನು ಕೋಣೆಯೊಳಗೆ ಕೊಡವದೆ, ಮೆಲ್ಲನೆ ಸುತ್ತಿಕೊಂಡು ಒಯ್ಯಬೇಕು. ತೊಳೆಯಲಾಗದ ದಪ್ಪ ಕೌದಿ, ಗಾದಿಗಳನ್ನು ಸುಡುಬಿಸಿಲಿಗೆ ಹಾಕಿದರೆ ಸಾಕು, ಬಿಸಿಲು ಮತ್ತು ಒಣ ಶಾಖ ಈ ಮೊಟ್ಟೆಗಳಿಗೆ ಆಗದು. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಫಿನಾಯಿಲ್ ವಾಸನೆ ಮನಸ್ಸಿಗೆ ಸಮಾಧಾನ ಕೊಡುತ್ತದೆ, ಮೊಟ್ಟೆಯನ್ನು ಒಯ್ಯುವುದು ಒರೆಸುವ ಬಟ್ಟೆ.

ಮನೆಮದ್ದಿನ ಬಗ್ಗೆ ಒಂದೇ ಮಾತು. ಹಾಗಲಕಾಯಿ ಪಲ್ಯ, ಓಮದ ನೀರು ಊಟದ ಭಾಗವಾಗಿ ಇರಲಿ, ಆದರೆ ಅದನ್ನೇ ನಂಬಿ ಮಾತ್ರೆ ಬಿಡಬಾರದು. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವ ಹಳೆಯ ಪದ್ಧತಿಯಿಂದ ಮಗು ನಿತ್ರಾಣವಾಗುತ್ತದೆಯೇ ಹೊರತು ಮೊಟ್ಟೆಗಳು ಹೋಗುವುದಿಲ್ಲ. ಬೇವಿನ ಎಣ್ಣೆಯನ್ನು ಕೂಸಿಗೆ ಕುಡಿಸುವುದಂತೂ ಪ್ರಾಣಾಪಾಯದ ಕೆಲಸ. ತುರಿಕೆ ಶಮನಕ್ಕೆ ರಾತ್ರಿ ಸ್ವಲ್ಪ ತೆಂಗಿನೆಣ್ಣೆ ಸವರಬಹುದು.

ಮಗುವಿಗೆ ಜ್ವರ, ವಾಂತಿ, ಬಲವಾದ ಹೊಟ್ಟೆನೋವು, ಮಲದಲ್ಲಿ ರಕ್ತ ಇದ್ದರೆ, ಮೈ ಬಿಳುಚಿಕೊಂಡು ತೂಕ ಇಳಿದಿದ್ದರೆ, ಅಥವಾ ಗೇಣುದ್ದದ ಹುಳು ಬಿದ್ದರೆ ಅದು ದಾರಹುಳುವಿನ ಲೆಕ್ಕವಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದಾರಹುಳುವಿಗಾಗಿ ಶಾಲೆ ಬಿಡಿಸುವ ಅಗತ್ಯವಿಲ್ಲ. ಆದರೆ ಜೊತೆಗೆ ಆಡುವ ಮಕ್ಕಳ ತಾಯಂದಿರಿಗೆ ಮೆಲ್ಲನೆ ತಿಳಿಸುವುದು ಉಪಕಾರ. ಮಾತ್ರೆ ಕೊಟ್ಟ ಮೇಲೂ ಕೆಲವು ದಿನ ತುರಿಕೆ ಇರಬಹುದು, ಗಾಬರಿ ಬೇಡ. ಎರಡನೆಯ ಮಾತ್ರೆಯಾಗಿ ತಿಂಗಳು ಕಳೆದ ಮೇಲೆ ಒಂದೆರಡು ರಾತ್ರಿ ಮತ್ತೆ ಟಾರ್ಚು ಹಿಡಿದು ನೋಡಬೇಕು. ಆಗಲೂ ಹುಳು ಕಂಡರೆ ಮನೆಯಲ್ಲಿ ಯಾರೋ ಒಬ್ಬರು ಮಾತ್ರೆ ತಪ್ಪಿಸಿದ್ದಾರೆ, ಇಲ್ಲವೆ ಮಗು ಹಗಲು ಹೊತ್ತು ಕಳೆಯುವ ಇನ್ನೊಂದು ಮನೆಯಲ್ಲಿ ಅದು ಉಳಿದಿದೆ ಎಂದು ತಿಳಿದು, ಡಾಕ್ಟರನ್ನು ಕಂಡು ಇಬ್ಬರ ಮನೆಯವರೂ ಒಂದೇ ದಿನ ಮತ್ತೆ ಶುರುಮಾಡಬೇಕು.