ಟಿಕೆಟ್‌ನಲ್ಲಿ ಇಲ್ಲದ ಗಂಟೆಗಳು

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎರಡು ಮುಕ್ಕಾಲು ಗಂಟೆ, ದುಬೈಗೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಟಿಕೆಟ್ ಹೇಳುವುದು ಇಷ್ಟೇ. ಹುಣಸೂರಿನವರ ಲೆಕ್ಕ ಶುರುವಾಗುವುದು ಬಸ್ ಸ್ಟ್ಯಾಂಡಿನಿಂದ. ಮೈಸೂರಿಗೆ 45 ಕಿ.ಮೀ., ಅಲ್ಲಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಇನ್ನೂ ಸುಮಾರು 180. ಬೆಳಗಿನ ಜಾವದ ವಿಮಾನವೆಂದರೆ ಹಿಂದಿನ ರಾತ್ರಿಯೇ ಊಟ ಮುಗಿಸಿ ಹೊರಡಬೇಕು. ಪಿರಿಯಾಪಟ್ಟಣದವರು, ಬೈಲಕುಪ್ಪೆಯ ಟಿಬೆಟನ್ನರು ಅದಕ್ಕೂ ಮುಂಚೆ ಮನೆ ಬಿಡಬೇಕು. ಕೆ.ಆರ್. ನಗರದವರಿಗೆ ಮೈಸೂರಿನವರೆಗೆ ರೈಲಿನ ಅನುಕೂಲವಾದರೂ ಉಂಟು.

ಹಾಗಾದರೆ ಮೈಸೂರಿನ ವಿಮಾನ ನಿಲ್ದಾಣ? ಅರಸರ ಕಾಲದಲ್ಲಿ, 1940ರಲ್ಲಿ ಮಂಡಕಳ್ಳಿಯಲ್ಲಿ ಆದ ಈ ನಿಲ್ದಾಣ 2010ರಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ತೆರೆಯಿತು. ಹುಣಸೂರು ರಸ್ತೆಯಿಂದ ರಿಂಗ್ ರೋಡ್ ಹಿಡಿದರೆ ಊರೊಳಗಿನ ಗಲಾಟೆಯೂ ಇಲ್ಲ. ಆದರೆ ರನ್‌ವೇ ಉದ್ದ 1,740 ಮೀಟರ್ ಮಾತ್ರ. ಎಪ್ಪತ್ತು ಚಿಲ್ಲರೆ ಸೀಟಿನ, ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ಇಳಿಯುತ್ತದೆ; ದೂರದ ಊರಿಗೆ ಹಾರುವ ದೊಡ್ಡ ಜೆಟ್‌ಗಳಿಗೆ ಜಾಗ ಸಾಲದು.

ಬೆಂಗಳೂರಿಗೆ ಹೋಗುವುದಕ್ಕಂತೂ ಹಾರುವುದರಿಂದ ಲಾಭ ಕಡಿಮೆ. ಮೈಸೂರು, ಬೆಂಗಳೂರು ನಗರಗಳ ನಡುವೆ ಆಕಾಶಮಾರ್ಗದಲ್ಲಿ ದೂರ 130 ಕಿ.ಮೀ. ಆಸುಪಾಸು. ಗಂಟೆಗೆ 500 ಕಿ.ಮೀ. ಓಡುವ ಎಟಿಆರ್‌ಗೆ ಇದು ಕಾಲು ಗಂಟೆಯ ದಾರಿ ಎನಿಸುತ್ತದೆ. ಆದರೆ ವೇಳಾಪಟ್ಟಿಯ ಸಮಯ ವಿಮಾನ ನಿಂತ ಜಾಗದಿಂದ ಅಲುಗಿದಾಗ ಆರಂಭವಾಗಿ, ಇನ್ನೊಂದು ತುದಿಯಲ್ಲಿ ಪೂರ್ತಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗಿನ ಓಟ, ಏರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿ ಮುಕ್ಕಾಲು ಗಂಟೆ ದಾಟುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರಿನವರು ಎರಡು ಗಂಟೆಯೊಳಗೇ ಬೆಂಗಳೂರಿನ ಅಂಚು ಮುಟ್ಟುತ್ತಾರೆ. ಅಲ್ಲಿಂದ ನಗರ ಸೀಳಿಕೊಂಡು ದೇವನಹಳ್ಳಿ ತಲುಪುವುದೇ ನಿಜವಾದ ಪರೀಕ್ಷೆ.

ಇನ್ನೊಂದು ದಾರಿ ಪಶ್ಚಿಮಕ್ಕಿದೆ. 2018ರ ಡಿಸೆಂಬರ್ 9ರಂದು ಕೇರಳದ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಹಾರಿದ ಮೊದಲ ವಿಮಾನವೇ ಅಬುಧಾಬಿಗೆ. ಗಲ್ಫ್‌ಗೆ ಹೋಗುವವರು ಪಿರಿಯಾಪಟ್ಟಣದಿಂದ ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿದರೆ ದೇವನಹಳ್ಳಿಯ ಅರ್ಧದಷ್ಟು ದೂರವೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಈ ದಾರಿ ನಂಬುವಂತಿಲ್ಲ: 2018ರ ಜೂನ್‌ನಲ್ಲಿ ಗುಡ್ಡ ಕುಸಿದು ಮಾಕುಟ್ಟ ರಸ್ತೆ ಬಂದ್ ಆಗಿತ್ತು.

ಎಚ್.ಡಿ. ಕೋಟೆಯವರಿಗೆ ಬಾವಲಿ, ಮಾನಂದವಾಡಿ ಮೂಲಕ ಕಣ್ಣೂರು ನಿಲ್ದಾಣಕ್ಕೆ ಹೋಗುವ ದಾರಿಯೂ ಹತ್ತಿರ. ಆದರೆ ಅದು ನಾಗರಹೊಳೆ ಕಾಡಿನ ರಸ್ತೆ. ಸಂಜೆ ಆರಕ್ಕೆ ಗೇಟು ಬಿದ್ದರೆ ಮತ್ತೆ ತೆಗೆಯುವುದು ಬೆಳಗ್ಗೆ ಆರಕ್ಕೆ. ರಾತ್ರಿ ಹತ್ತರ ವಿಮಾನಕ್ಕೂ ಹೊತ್ತು ಇಳಿಯುವ ಮುಂಚೆಯೇ ಕಾಡು ದಾಟಿರಬೇಕು. ರಾತ್ರಿಯೆಂದರೆ ಆನೆ, ಕಾಟಿಗಳು ರಸ್ತೆ ದಾಟುವ ಹೊತ್ತು. ಈ ನಿರ್ಬಂಧ ಸಡಿಲವಾಗದಿರುವುದೇ ಸರಿ.

ಆದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಿಗೆ ಮಂಡಕಳ್ಳಿಯ ರನ್‌ವೇ ಉದ್ದವಾಗುವುದು ಬರೀ ಮೈಸೂರು ನಗರದ ಪ್ರತಿಷ್ಠೆಯ ಮಾತಲ್ಲ. ಅಲ್ಲಿಂದಲೇ ಜೆಟ್ ಹಾರಿದರೆ, ಮಗನನ್ನೋ ಮಗಳನ್ನೋ ಕಳಿಸಿಕೊಡಲು ಹೋದ ಹುಣಸೂರಿನ ಮನೆಮಂದಿ ಅದೇ ಹೊತ್ತಿನ ಊಟಕ್ಕೆ ಮನೆಗೆ ಮರಳಬಹುದು.