ಸೋಲಾರ್ ಪಂಪ್ ಹಾಕಿಸೋ ಮುಂಚೆ ಬೋರ್‌ವೆಲ್ ನೀರು ಅಳೆಯಿರಿ

ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು ಹೊಲಕ್ಕೆ ಓಡೋ ಕಷ್ಟ ನಮ್ಮ ರೈತರಿಗೆ ಹೊಸದಲ್ಲ. ಹಾವು, ಹಂದಿ ಕಾಟ ಬೇರೆ. ಸೋಲಾರ್ ಪಂಪ್ ಇದ್ರೆ ಹಗಲಲ್ಲೇ ನೀರು ಹಾಯಿಸಬಹುದು, ಬಿಲ್ಲೂ ಇಲ್ಲ. ಆದ್ರೆ ಬಿಸಿಲು ಎಷ್ಟೇ ಇದ್ರೂ ಬೋರ್‌ನಲ್ಲಿ ಇರೋಷ್ಟೇ ನೀರು ಬರೋದು. ಅದಕ್ಕೇ ಮೊದಲು ನೀರಿನ ಲೆಕ್ಕ, ಆಮೇಲೆ ಪ್ಯಾನಲ್.

ಸಹಾಯಧನ ಹೇಗೆ?
ಕೇಂದ್ರದ ಪಿಎಂ-ಕುಸುಮ್ ಯೋಜನೆ ಶುರುವಾಗಿದ್ದು 2019ರಲ್ಲಿ. ಕರೆಂಟ್ ಲೈನ್ ದೂರ ಇರೋ ಜಮೀನಿಗೆ ಇದರ ‘ಬಿ’ ಭಾಗದಲ್ಲಿ ಸೋಲಾರ್ ಪಂಪ್ ಸಿಗುತ್ತೆ. ಕರ್ನಾಟಕದಲ್ಲಿ ನಿಗದಿತ ಬೆಲೆಯ ಮೇಲೆ ಕೇಂದ್ರ ಶೇ. 30, ರಾಜ್ಯ ಶೇ. 50 ಕೊಡುವ ವ್ಯವಸ್ಥೆ ಮಾಡಲಾಗಿದೆ. ರೈತರ ಪಾಲು ಶೇ. 20. ಕೇಂದ್ರದ ಸಹಾಯಧನ 7.5 ಎಚ್‌ಪಿವರೆಗೆ ಮಾತ್ರ.

ಈಗಾಗಲೇ ಕರೆಂಟ್ ಪಂಪ್ ಇದೆಯಾ? ‘ಸಿ’ ಭಾಗದಲ್ಲಿ ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ ಫೀಡರ್‌ಗೆ ಹಗಲು ಕರೆಂಟ್ ಕೊಡ್ತಾರೆ. ಅದಕ್ಕೆ ನೀವು ಪ್ಯಾನಲ್ ಕೊಳ್ಳಬೇಕಿಲ್ಲ. ನಿಮ್ಮ ಫೀಡರ್ ಪಟ್ಟಿಯಲ್ಲಿದೆಯಾ ಅಂತ ಎಸ್ಕಾಂ ಸೆಕ್ಷನ್ ಆಫೀಸಲ್ಲಿ ಕೇಳಿ.

ಡ್ರಮ್ ಪರೀಕ್ಷೆ
ಬೇಸಿಗೆಯಲ್ಲಿ ಮೋಟಾರ್ ನಾಲ್ಕೈದು ಗಂಟೆ ಓಡಿಸಿ. ಆಮೇಲೆ 200 ಲೀಟರ್ ಡ್ರಮ್ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಮೊಬೈಲಲ್ಲಿ ನೋಡಿ. ಎರಡು ನಿಮಿಷ ಆದ್ರೆ ಗಂಟೆಗೆ 6,000 ಲೀಟರ್, ಆರು ಗಂಟೆ ಒಳ್ಳೆ ಬಿಸಿಲಿಗೆ 36,000 ಲೀಟರ್. ಬೆಳೆಗೆ ದಿನಕ್ಕೆ 5 ಮಿ.ಮೀ. ನೀರು ಅಂತ ಇಟ್ಕೊಂಡ್ರೆ ಎಕರೆಗೆ ಸುಮಾರು 20,000 ಲೀಟರ್ ಬೇಕು. ಅಂದ್ರೆ ಈ ಬೋರ್ ಎರಡು ಎಕರೆಗೂ ಸಾಲದು. ಇಲ್ಲಿ ದೊಡ್ಡ ಎಚ್‌ಪಿ ಹಾಕಿಸಿದ್ರೆ ನೀರು ಹೆಚ್ಚಲ್ಲ, ಬೋರ್ ಬೇಗ ಬತ್ತುತ್ತೆ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಅಂತರ್ಜಲ ಮೊದಲೇ ಅತಿಬಳಕೆಯಾಗಿದೆ. ಬೋರ್‌ಗೆ ತಕ್ಕ ಎಚ್‌ಪಿ, ಜೊತೆಗೆ ಡ್ರಿಪ್, ನೀರು ಇಳಿದಾಗ ಮೋಟಾರ್ ತಾನೇ ನಿಲ್ಲೋ ಡ್ರೈ ರನ್ ರಕ್ಷಣೆ – ಈ ಮೂರೂ ಇರಲಿ.

ಪಂಪ್ ನಿಂತಾಗಲೂ ದುಡಿಮೆ
ಮಳೆಗಾಲದಲ್ಲಿ ಪಂಪ್ ಬಳಕೆ ಕಡಿಮೆ, ಪ್ಯಾನಲ್ ಸುಮ್ಮನೆ ನಿಂತಿರುತ್ತೆ. ‘ಯುನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್’ ಇದ್ರೆ ಅದೇ ಪ್ಯಾನಲ್‌ನಿಂದ ಮೇವು ಕತ್ತರಿಸೋ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಹುದು. ಹೈನುಗಾರಿಕೆ ಮಾಡೋರು ಅರ್ಜಿ ಹಾಕುವಾಗಲೇ ಇದು ಸಿಗುತ್ತಾ ಅಂತ ವಿಚಾರಿಸಿ.

ಮರೀಬೇಡಿ
• ಯೋಜನೆಯಡಿ ಹಾಕಿದ ಪಂಪ್‌ಗೆ 5 ವರ್ಷ ನಿರ್ವಹಣೆ ಕಂಪನಿಯದ್ದೇ ಜವಾಬ್ದಾರಿ. ಆ ಕಾಗದ ಜೋಪಾನ.
• ಪ್ಯಾನಲ್ ಧೂಳನ್ನು ಬೆಳಿಗ್ಗೆ ತಂಪಲ್ಲಿ ಬರೀ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರೀಬೇಡಿ.
• ಕುಸುಮ್ ಹೆಸರಲ್ಲಿ ನಕಲಿ ವೆಬ್‌ಸೈಟ್‌ಗಳಿವೆ ಅಂತ ಕೇಂದ್ರ ಇಲಾಖೆಯೇ ಎಚ್ಚರಿಸಿದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ಗೆ ‘ನೋಂದಣಿ ಶುಲ್ಕ’ ಕಟ್ಟಬೇಡಿ. ಈಗ ಅರ್ಜಿ ತೆರೆದಿದೆಯಾ, ಎಷ್ಟು ಕಟ್ಟಬೇಕು ಅನ್ನೋದನ್ನ ಎಸ್ಕಾಂ ಆಫೀಸಲ್ಲೇ ಖಚಿತ ಮಾಡ್ಕೊಳ್ಳಿ. ಹೋಗುವಾಗ ಡ್ರಮ್ ಲೆಕ್ಕ ಬರೆದ ಚೀಟಿಯೂ ಜೇಬಲ್ಲಿರಲಿ.